ಫೌಜದಾರನ ಟ್ಯಾಂಕಿಗೆ ಹೊಸ ಮೀನು

ಮೀನು ಕೊಳ್ಳಲು ಗಿರಾಕಿ ನಮ್ಮ ಅಂಗಡಿಗೆ ಒಮ್ಮೆ ಬರುತ್ತಾನೆ. ಆ ಮೀನಿನ ಜಗಳ ಬಿಡಿಸಿಕೊಡಿ ಅಂತ ವರ್ಷವಿಡೀ ಬರುತ್ತಾನೆ. ಇದನ್ನು ಹಣೆಬರಹ ಅಂತ ನಾನು ಅನ್ನುವುದಿಲ್ಲ, ಧಂದೆಯ ಸ್ವಭಾವವೇ ಹಾಗೆ. ನಮ್ಮಪ್ಪ ಇದೇ ಜಾಗದಲ್ಲಿ ಕೂತು ಜೋಳ, ಶೇಂಗಾ ಮಾರಿದರು. ಒಂದೇ ಚೀಲದಲ್ಲಿ ಹಾಕಿದ ಶೇಂಗಾ ಒಂದನ್ನೊಂದು ಕಚ್ಚಿ ಕೊಂದವು ಅಂತ ಅವರ ಹತ್ತಿರ ಯಾರೂ ದೂರು ತಂದಿರಲಿಲ್ಲ.

ನಾನು ಮಾರುವುದು ಗಾಜಿನ ಟ್ಯಾಂಕಿನಲ್ಲಿ ಸಾಕುವ ಬಣ್ಣದ ಮೀನು, ಅದರಲ್ಲೂ ಉಪ್ಪುನೀರಿನವು. ನಮ್ಮ ಮನೆಯಲ್ಲಿ ಇವತ್ತಿಗೂ ತತ್ತಿ ಒಡೆದವರಿಲ್ಲ. ಆದರೂ ಬೋರ್ಡಿನ ಮೇಲೆ ಮೀನಿನ ಚಿತ್ರ ಕಂಡು ಫೋನ್ ಮಾಡುವವರು ಇದ್ದೇ ಇದ್ದಾರೆ.

"ಬಂಗಡಿ ಮೀನ ಹೆಂಗ ಕೊಟ್ರಿ?"

"ನಮ್ಮಲ್ಲಿ ಇರೂವು ತಿನ್ನೂವಲ್ರಿ. ಬರೇ ನೋಡೂವು."

ಆ ಕಡೆಯಿಂದ, "ನೋಡಾಕ ರೊಕ್ಕಾ ಕೊಡೋ ಮಂದೀನೂ ಹುಬ್ಬಳ್ಳ್ಯಾಗ ಅದಾರೇನ್ರಿ?"

ಅದಾರ. ಅಂಥವರಲ್ಲಿ ಒಬ್ಬರು ನಮ್ಮ ಭಾಂಡೆ ಸಾಹುಕಾರ್ರು. ಇಲ್ಲಿ ಬರೆದದ್ದೆಲ್ಲ ಅವರ ಒಂದೇ ಟ್ಯಾಂಕಿನಲ್ಲಿ ನಡೆದದ್ದು.

ಕೊಸರು

ಸಾಹುಕಾರ್ರದು ಸ್ಟೀಲ್ ಪಾತ್ರೆಗಳ ದೊಡ್ಡ ಅಂಗಡಿ. ಹೊಸ ಮನೆ ಕಟ್ಟಿಸಿದಾಗ ಪಡಸಾಲೆಯ ಒಂದು ಗೋಡೆಯುದ್ದಕ್ಕೂ ಸಮುದ್ರ ಬೇಕು ಅಂದರು. ಕೊಟ್ಟೆ. ಟ್ಯಾಂಕು, ಪಂಪು, ದೀಪ, ಸಮುದ್ರದ ಉಪ್ಪು, ಕಲ್ಲು ಎಲ್ಲ ಸೇರಿ ಒಳ್ಳೆಯ ವ್ಯಾಪಾರ. ಎಲ್ಲ ಗಾಡಿಗೆ ಏರಿಸಿದ ಮೇಲೆ ಅವರು ನನ್ನ ಮುಂದೆ ಬಂದು ನಿಂತರು.

"ಶೆಟ್ರ, ಕೊಸರು?"

ನಮ್ಮ ಪೇಟೆಯ ಪದ್ಧತಿ ಇದು. ಅಳೆದು ಕೊಟ್ಟ ಮೇಲೆ ಕೈ ಎತ್ತಿ ಇನ್ನಷ್ಟು ಹಾಕಬೇಕು. ಅವರಪ್ಪನಿಗೆ ನಮ್ಮಪ್ಪ ಶೇಂಗಾ ಅಳೆದು ಕೊಟ್ಟಾಗಲೂ ಒಂದು ಮುಷ್ಟಿ ಹಾಕುತ್ತಿದ್ದರು. ಸಮುದ್ರಕ್ಕೆ ಕೊಸರು ಏನು ಕೊಡುವುದು ಅಂತ ನಾನು ಯೋಚಿಸುವಷ್ಟರಲ್ಲಿ ಅವರೇ ಬೆರಳು ತೋರಿಸಿದರು. ಮೂಲೆಯ ಸಣ್ಣ ಟ್ಯಾಂಕಿನಲ್ಲಿ ಅಂಗಿಯ ಗುಂಡಿಯಷ್ಟಗಲದ ಒಂದು ಕರಿ ಮೀನು ಇತ್ತು. ಹಣೆಯ ಮೇಲೊಂದು, ಪಕ್ಕೆಯ ಮೇಲೊಂದು ಬಿಳಿ ಚಿಕ್ಕಿ. ಡ್ಯಾಮ್ಸೆಲ್ ಅಂತಾರೆ.

"ಅದೊಂದು ಬಿಟ್ಟು ಬ್ಯಾರೆ ಏನರ ಕೇಳ್ರಿ," ಅಂದೆ. "ಅದು ಈಗಷ್ಟ ಸಣ್ಣದೈತಿ. ಬೆಳೆದ ಮ್ಯಾಲ ಟ್ಯಾಂಕ್ ತುಂಬ ನಂದ ಅಂತೈತಿ. ಹೊಸಾ ಮೀನ ಬಂದ್ರ ಉಳಿಗೊಡೂದಿಲ್ಲ."

"ಕೊಸರು ಕೊಡೂ ಮುಂದ ಇಷ್ಟ್ಯಾಕ ಹಿಂದ ಮುಂದ ನೋಡಾಕತ್ತೀರಿ? ಅಷ್ಟ ಗುಂಡಿಯಷ್ಟ ಐತಿ, ಅದೇನ ಮಾಡೀತು?"

ಗಿರಾಕಿ ಬಿಟ್ಟಿಯಾಗಿ ಕೇಳುವಾಗ ಬುದ್ಧಿ ಹೇಳುವುದು ಒಂದು ಸಲ. ಎರಡನೆಯ ಸಲ ಹೇಳಿದರೆ ಜಿಪುಣ ಅನ್ನಿಸಿಕೊಳ್ಳುತ್ತೇವೆ. ಚೀಲಕ್ಕೆ ನೀರು ತುಂಬಿ ಕೊಟ್ಟುಬಿಟ್ಟೆ. ಮೈಮೇಲಿನ ಚಿಕ್ಕಿ ಪೊಲೀಸರ ಭುಜದ ಮೇಲಿನ ಸ್ಟಾರಿನಂತೆ ಕಂಡದ್ದಕ್ಕೆ ಸಾಹುಕಾರ್ರು ಅದಕ್ಕೆ ಫೌಜದಾರ ಅಂತ ಹೆಸರಿಟ್ಟರು. ನಾನು ಇಷ್ಟು ವರ್ಷದಲ್ಲಿ ಎಷ್ಟೋ ಜನರಿಗೆ ಕೊಸರು ಕೊಟ್ಟಿದ್ದೇನೆ. ಕೊಂಡ ಮಾಲನ್ನೆಲ್ಲ ಮುಗಿಸಿದ ಕೊಸರು ಅದೊಂದೇ.

ಕರಿಬೇವು

ಫೌಜದಾರ ಅಂಗೈಯಗಲ ಬೆಳೆದ. ಸಾಹುಕಾರ್ರು ಅಂಗಡಿಯಿಂದ ಬಂದು ಟ್ಯಾಂಕಿನ ಮುಂದೆ ಕೂತರೆ ಸಾಕು, ಗಾಜಿಗೆ ಮೂತಿ ಹಚ್ಚಿ ನಿಲ್ಲುತ್ತಿದ್ದ. ಇವರು ಎಡಕ್ಕೆ ವಾಲಿದರೆ ಅವನೂ ಎಡಕ್ಕೆ. "ದಿನಾ ಮನಿಗೆ ಬಂದ ಕೂಡಲೇ ನನ್ನ ಮಾರಿ ನೋಡಿ ಖುಷಿ ಪಡೂವ ಇವನೊಬ್ಬ ಅದಾನ," ಅಂತ ಹೆಂಡತಿಗೆ ಕೇಳುವಂತೆ ಅನ್ನುತ್ತಿದ್ದರು.

ಆದರೆ ಬೇರೆ ಮೀನು ಬಂದರೆ ಫೌಜದಾರನ ಚಹರೆಯೇ ಬೇರೆ. ಕಿತ್ತಳೆ ಪಟ್ಟಿಯ ಜೋಡಿ ಒಂದು ಅವನ ಕಚ್ಚಾಟಕ್ಕೆ ಸತ್ತುಹೋಯಿತು. ಆಮೇಲೆ ನೀಲಿಯದೊಂದು. ಪ್ರತಿ ಸಲವೂ ನಾನು, ಟ್ಯಾಂಕಿನೊಳಗೆ ತೂತಿನ ಡಬ್ಬಿಯಲ್ಲಿಟ್ಟು ಪರಿಚಯ ಮಾಡಿಸಿ ಬಿಡಿರಿ ಅಂತ ಹೇಳುತ್ತಿದ್ದೆ. ಸಾಹುಕಾರ್ರು ಚೀಲ ಬಿಚ್ಚಿ ನೇರ ಸುರಿಯುತ್ತಿದ್ದರು. "ಅವ ಛಲೋ ಅದಾನ್ರಿ, ಹೇಳಿದರ ಕೇಳ್ತಾನ."

ಅವರ ಹೆಂಡತಿ, ನಾನು ಅಕ್ಕಾರ ಅಂತ ಕರೆಯುವವರು, ಸತ್ತ ಮೀನನ್ನು ಬಿಸಾಡಗೊಡಲಿಲ್ಲ. ಮನೆಯಲ್ಲಿ ಜೀವ ಹೋದರೆ ಮಣ್ಣು ಮಾಡಬೇಕು. ಉಪ್ಪು ಗಿಡಕ್ಕೆ ಆಗದು ಅಂತ ಸಿಹಿನೀರಿನಲ್ಲಿ ಮೀಯಿಸಿ, ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂಳಿದರು. ಗಿಡ ಎದ್ದು ನಿಂತಿತು. ಎಲೆ ಅಂದರೆ ಎಲೆ! ಧಾರವಾಡದ ಸಪ್ತಾಪುರದಲ್ಲಿರುವ ಮಗಳ ಅತ್ತೆ, ಅಂದರೆ ಅಕ್ಕಾರ ಬೀಗತಿ, ಬಂದಾಗಲೆಲ್ಲ ಚೀಲ ತುಂಬಿಕೊಂಡು ಹೋಗತೊಡಗಿದರು. "ಇಂಥಾ ಘಮಾ ನಾ ಎಲ್ಲೂ ನೋಡಿಲ್ಲ ಬಿಡ್ರಿ," ಅಂತ ಊರೆಲ್ಲ ಹೇಳಿದರು.

ಒಮ್ಮೆ ಹೋಗುವಾಗ ಅದೇ ಬೀಗತಿ ಟ್ಯಾಂಕಿನ ಮುಂದೆ ನಿಂತು, "ಇಷ್ಟು ದೊಡ್ಡ ಮನ್ಯಾಗ ಒಬ್ಬನ ಇರ್ತಾನೇನ್ರಿ? ಏನ ಕಲ್ಯಾಣಮಂಟಪ ಬಾಡಿಗಿ ಹಿಡದಾನೇನು?" ಅಂದುಬಿಟ್ಟರು. ಸಾಹುಕಾರ್ರ ಮಾನಕ್ಕೆ ಅದು ತಾಗಿತು. ಮರುದಿನವೇ ನನ್ನನ್ನು ಕರೆಸಿ ಹೊಸ ಮೀನು ಬೇಕು ಅಂದರು. ಅಕ್ಕಾರು ಒಳಗಿನಿಂದ ಲಟ್ಟಣಿಗೆ ಹಿಡಿದುಕೊಂಡೇ ಬಂದರು.

"ತರ್ರಿ, ಒಂದು ತರ್ರಿ. ಇದು ಕಡೀದು. ಇನ್ನೊಂದು ಜೀವ ಈ ಮನ್ಯಾಗ ಹೋತು ಅಂದ್ರ ಟ್ಯಾಂಕ್ ಮಾಳಗಿ ಮ್ಯಾಲೆ ಹೋಗತೈತಿ, ಅದರಾಗ ಮಣ್ಣ ತುಂಬಿ ಕೊತ್ತಂಬರಿ ಹಚ್ಚತೀನಿ. ಫೌಜದಾರ ನಿಮ್ಮ ಅಂಗಡಿಗೆ ವಾಪಸ್. ಇಬ್ಬರೂ ಕೇಳಿಸಿಕೊಂಡ್ರಿ?"

ಸಾಹುಕಾರ್ರು ಟ್ಯಾಂಕಿನ ಕಡೆ ನೋಡಿದರು. ಫೌಜದಾರನೂ ಇವರ ಕಡೆ ನೋಡಿದ.

ವಾತಾವರಣ ತಿಳಿಯಾಗಲಿ ಅಂತ ನಾನು, "ಅಕ್ಕಾರ, ಕರಿಬೇವರ ಛಲೋ ಬಂತಲ್ರಿ, ಒಗ್ಗರಣಿ ಭಾರಿ ಆಗತಿರಬೇಕು," ಅಂದೆ.

"ಆ ಗಿಡದ್ದು ನಾವು ತಿನ್ನೂದಿಲ್ರಿ. ಅದು ಮಾಂಸಾಹಾರಿ ಆಗೇತಿ."

"ಮತ್ತ ಬೀಗರಿಗೆ ಕೊಡ್ತೀರಿ?"

"ಅವರು ಕೇಳಿಲ್ಲ, ನಾ ಹೇಳಿಲ್ಲ. ಅವರ ಮನಿಗೆ ಉಣ್ಣಾಕ ಹೋದಾಗ ನಾವು ಒಗ್ಗರಣಿ ಇಲ್ಲದ ಮೊಸರನ್ನ ಅಷ್ಟ ಉಣ್ತೇವಿ."

ಕನ್ನಡಿ

ಈ ಸಲ ಸಾಹುಕಾರ್ರು ನನ್ನ ಮಾತು ಕೇಳಲು ತಯಾರಾದರು. ಹೊಸ ಮೀನು ತರುವ ಮೊದಲು ಫೌಜದಾರನಿಗೆ ತಾಲೀಮು ಮಾಡಿಸೋಣ ಅಂದೆ. ಟ್ಯಾಂಕಿನ ಹೊರಗೆ ಗಾಜಿಗೆ ಒಂದು ಕನ್ನಡಿ ಆನಿಸಿ ಇಡಬೇಕು. ಹಳೆಯ ಮೀನು ಅದರಲ್ಲಿ ತನ್ನನ್ನೇ ಕಂಡು, ಯಾವನೋ ಬಂದ ಅಂತ ಅವನ ಮೇಲೆ ಏರಿ ಹೋಗುತ್ತದೆ. ಸಿಟ್ಟೆಲ್ಲ ಅಲ್ಲೇ ತೀರುತ್ತದೆ. ಆಮೇಲೆ ಬಿಟ್ಟ ಹೊಸ ಮೀನು ಒಂದು ಮೂಲೆ ಹಿಡಿದು ಬದುಕಿಕೊಳ್ಳುತ್ತದೆ. ಅಂಗೈಯಗಲದ ಕನ್ನಡಿ ಸಾಕು, ದಿನಕ್ಕೆ ಸ್ವಲ್ಪ ಹೊತ್ತು ಸಾಕು.

ಸಾಹುಕಾರ್ರು ಯಾವ ಮಾಲನ್ನೂ ಸಣ್ಣ ಸೈಜಿನಲ್ಲಿ ಕೊಂಡವರಲ್ಲ. ಮಲಗುವ ಕೋಣೆಯ ಆಳೆತ್ತರದ ಕನ್ನಡಿ ತೆಗೆಸಿ ಟ್ಯಾಂಕಿನ ಹಿಂದೆ ಅಡ್ಡ ಮಲಗಿಸಿಟ್ಟರು. ಫೌಜದಾರನಿಗೆ ಊರೆಲ್ಲ ಫೌಜದಾರರೇ ಕಂಡರು. ಬೆಳಗಿನಿಂದ ಸಂಜೆವರೆಗೆ ಆ ಕಡೆಯಿಂದ ಈ ಕಡೆ ಓಡಿ ಕುಟ್ಟಿದ. ಮನೆಗೆ ಬಂದವರೆಲ್ಲ ಟ್ಯಾಂಕಿನ ಮುಂದೆ ನಿಂತು ತಲೆ ಬಾಚಿಕೊಂಡು ಹೋದರು. ಎರಡು ದಿನಕ್ಕೆ ಫೋನ್ ಬಂತು.

"ಶೆಟ್ರ, ಫೌಜದಾರ ಊಟಾ ಬಿಟ್ಟಾನ್ರಿ!"

ಹೋಗಿ ಕನ್ನಡಿ ತೆಗೆಸಿದೆ. ಪಾಪ, ಕಲ್ಲಿನ ಸಂದಿಯಲ್ಲಿ ವಾಲಿಕೊಂಡು ಏದುಸಿರು ಬಿಡುತ್ತಿದ್ದ. ಸಾಹುಕಾರ್ರು ಬೆರಗಿನಿಂದ, "ಅಲ್ರಿ, ತನ್ನ ಮಾರಿ ತಾನ ನೋಡಿಕೊಂಡು ಯಾರರ ಇಷ್ಟು ಸಿಟ್ಟಿಗೇಳತಾರೇನು?" ಅಂದರು.

ಅಕ್ಕಾರು ಚಹಾದ ಕಪ್ಪು ಇಡುತ್ತ, "ನೀವು ದಾಡಿ ಮಾಡಿಕೊಳ್ಳು ಮುಂದ ಕನ್ನಡಿಗೆ ಹೆಂಗ ಸಿಟ್ಟಾಗತೀರಿ ಒಮ್ಮೆ ಬಂದು ನೋಡಂತ ಹೇಳ್ರಿ ಅದಕ್ಕ," ಅಂದರು.

ಆಗ್ನೇಯ ಮೂಲೆ

ಎರಡನೆಯ ಉಪಾಯ ಕಲ್ಲು ಬದಲಿಸುವುದು. ಟ್ಯಾಂಕಿನೊಳಗಿನ ಕಲ್ಲು, ಗವಿ ಎಲ್ಲ ಜಾಗ ಬದಲಿಸಿದರೆ ಹಳೆಯ ಮೀನಿಗೆ ಮನೆಯ ಗುರುತು ತಪ್ಪುತ್ತದೆ. ಇದು ನಂದೋ ಅಲ್ಲವೋ ಅಂತ ಅದು ತಡಕಾಡುವಾಗ ಹೊಸತು ಒಳಗೆ ಸೇರಬೇಕು. ಇಷ್ಟನ್ನು ಹೇಳಿ ಬಂದೆ. ಸಾಹುಕಾರ್ರಿಗೆ ಮನೆಯ ಜಾಗ ಬದಲಿಸುವುದು ಅಂದಕೂಡಲೇ ನೆನಪಾದದ್ದು ವಾಸ್ತು.

ನಾನು ಮರುದಿನ ಹೋದಾಗ ವಾಸ್ತುದವರು ಟ್ಯಾಂಕಿನ ಮುಂದೆ ದಿಕ್ಸೂಚಿ ಹಿಡಿದು ಕೂತಿದ್ದರು.

"ಇವರು ಮಲಗೂದು ಎಲ್ಲಿ?"

"ಆ ಕರಿ ಕಲ್ಲಿನ ಕೆಳಗ," ಅಂದರು ಸಾಹುಕಾರ್ರು.

"ಆಗ್ನೇಯ! ಅಗ್ನಿ ಮೂಲಿ. ಅದಕ್ಕ ಇವರಿಗೆ ಇಷ್ಟು ಸಿಟ್ಟು. ಈ ಕಲ್ಲು ಈಶಾನ್ಯಕ್ಕ ಸರೀಲಿ, ತಣ್ಣಗ ಆಗತಾರ."

ನನಗೆ ಅಡ್ಡಿ ಇರಲಿಲ್ಲ. ಕಲ್ಲು ಸರಿದರೆ ಸಾಕು, ಯಾವ ಕಾರಣಕ್ಕೆ ಸರಿದರೇನು. ಆದರೆ ಕೈ ಹಾಕುವುದು ನನಗೆ ಬಿಡಿರಿ ಅಂತ ಹೇಳುವಷ್ಟರಲ್ಲಿ ವಾಸ್ತುದವರು ಅಂಗಿಯ ತೋಳು ಮಡಿಚಿ ಕೈ ಇಳಿಸಿಯೇಬಿಟ್ಟರು. ಫೌಜದಾರ ಊಟ ಬಿಟ್ಟ ದಿನಗಳ ಬಾಕಿಯನ್ನೆಲ್ಲ ಅವರ ಹೆಬ್ಬೆರಳಿನಲ್ಲಿ ತೀರಿಸಿಕೊಂಡ. ಕೈ ಎಷ್ಟು ಜೋರಾಗಿ ಹೊರಬಂತೆಂದರೆ ದಿಕ್ಸೂಚಿ ನೀರಿಗೆ ಬಿತ್ತು.

ಅಕ್ಕಾರು ಅರಿಷಿಣ ತಂದು ಹಚ್ಚಿದರು. ವಾಸ್ತುದವರು ಹೆಬ್ಬೆರಳು ಹಿಡಿದುಕೊಂಡು ಟ್ಯಾಂಕನ್ನೇ ನೋಡುತ್ತಿದ್ದರು. ಫೌಜದಾರ ದಿಕ್ಸೂಚಿಯನ್ನು ಮೂತಿಯಿಂದ ತಳ್ಳಿ ತಳ್ಳಿ ಮೂಲೆಗೆ ಒಯ್ಯುತ್ತಿದ್ದ.

"ಸಾಹುಕಾರ್ರ," ಅಂದರು ಕಡೆಗೆ, "ಇವರಿಗೆ ವಾಸ್ತು ಹತ್ತೂದಿಲ್ರಿ. ಇವರು ಎಲ್ಲಿ ಕೂತಾರೋ ಅದ ದಿಕ್ಕು."

ಬದಲಿ

"ಇವನಿಗೆ ದೊಡ್ಡ ಸಾಹೇಬನ್ನ ತರೂಣ ತಡೀರಿ," ಅಂತ ಸಾಹುಕಾರ್ರು ಹೊಸ ಯೋಚನೆ ತೆಗೆದರು. "ಫೌಜದಾರನ ಮ್ಯಾಲೆ ಎಸ್ಪಿ ಬಂದ್ರ ತಾನ ಸುಮ್ಮನಾಗತಾನ."

"ಎಸ್ಪಿ ಬಂದ ಮ್ಯಾಲ ಎಸ್ಪಿಗೆ ಯಾರನ್ನ ತರ್ತೀರಿ?" ಅಂದೆ. "ಅದೆಲ್ಲ ಬ್ಯಾಡ. ಸರಕಾರ ಏನ ಮಾಡತೈತಿ ನಾವೂ ಅದನ್ನ ಮಾಡೂಣು. ಇವನ್ನ ಬ್ಯಾರೆ ಠಾಣೆಗೆ ಬದಲಿ ಮಾಡಿಬಿಡೂಣು."

ಉಪಾಯ ಸರಳ. ಹಳೆಯ ಮೀನನ್ನು ಹೊರಗೆ ತೆಗೆಯಬೇಕು. ಹೊಸತನ್ನು ಬಿಡಬೇಕು. ಹೊಸತಿಗೆ ಮನೆ ತನ್ನದು ಅನ್ನಿಸಿದ ಮೇಲೆ ಹಳೆಯದನ್ನು ತರಬೇಕು. ಆಗ ಹಳೆಯದೇ ಹೊಸದಾಗಿ ಬಂದಂತೆ.

ಸಾಹುಕಾರ್ರು ಕಷ್ಟದಿಂದ ಒಪ್ಪಿದರು. ಆದರೆ ಹಿಡಿಯುವುದು ಹೇಗೆ? ಬಲೆ ಕಂಡರೆ ಫೌಜದಾರ ಕಲ್ಲಿನ ಹಿಂದೆ. ಸಾಹುಕಾರ್ರು ಅಂಗಡಿಯಿಂದ ಝಾರಾ, ಜರಡಿ, ಚಕ್ಕುಲಿ ಕರಿಯುವ ಜಾಳಿಗೆ ಎಲ್ಲ ತರಿಸಿದರು. ಪಡಸಾಲೆ ಮದುವೆಯ ಅಡುಗೆಮನೆಯಂತಾಯಿತು. ನಾನು ಕಲ್ಲನ್ನೆಲ್ಲ ತೆಗೆದು, ನೀರನ್ನು ಇಳಿಸಿ ಹಿಡಿದೆ. ಇಡಲು ಪ್ಲಾಸ್ಟಿಕ್ ಬಕೀಟ ಕೇಳಿದರೆ ಅಕ್ಕಾರು ನಕ್ಕರು. "ಇವರ ಮನ್ಯಾಗ ಪ್ಲಾಸ್ಟಿಕ್ ಬರಾಕ ಬಿಟ್ಟಾರೇನ್ರಿ? ಹಲ್ಲ ತಿಕ್ಕೂ ಬ್ರಷ್ ಒಂದು ಸ್ಟೀಲಿಂದು ಸಿಕ್ಕಿಲ್ಲ ಅಂತ ಸುಮ್ಮನದಾರ." ಬಾಜೂ ಮನೆಯಿಂದ ಬಕೀಟ ತಂದೆವು.

ಫೌಜದಾರ ನನ್ನ ಅಂಗಡಿಗೆ ಬಂದ. ಅವನಿಗೊಂದು ಬೇರೆ ಟ್ಯಾಂಕು ಕೊಟ್ಟೆ. ಸಾಹುಕಾರ್ರು ಅವತ್ತಿನಿಂದ ತಮ್ಮ ಅಂಗಡಿ ಲಗೂ ಮುಚ್ಚಿ ನನ್ನಲ್ಲಿ ಬಂದು ಕೂಡತೊಡಗಿದರು. ಅವನ ಮುಂದೆ ಸ್ಟೂಲ್ ಹಾಕಿಕೊಂಡು, "ಸೊರಗ್ಯಾನ್ರಿ," ಅನ್ನುವರು. ಸೊರಗಿದ್ದು ಇವರು.

ಒಂದು ಸಂಜೆ ಗಿರಾಕಿಯೊಬ್ಬ ಬಂದು, "ಈ ಕರೀದು ಹೆಂಗ್ರಿ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಸಾಹುಕಾರ್ರು ಎದ್ದರು.

"ಮಾರೂದಿಲ್ಲ!"

"ಮತ್ತ ಬಾಜೂದ್ದು?"

"ಅದು ಇವನ ಬಾಜೂಕ ಐತಿ. ತೆಗೆದರ ಇವನಿಗೆ ಬ್ಯಾಸರಾಗತೈತಿ. ಅದೂ ಇಲ್ಲ!"

ಗಿರಾಕಿ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ: "ನಿಮ್ಮ ಮಾಲಕರು ಭಾಳ ಕಡಕ ಬಿಡ್ರಿ. ನೀವು ಬ್ಯಾರೆ ಕಡೆ ನೌಕರಿ ನೋಡಿಕೋರಿ."

ಎದುರುಗೊಂಡದ್ದು

ಹೊಸ ಮೀನು ಮುಂಬೈಯಿಂದ ಬರಬೇಕಾಗಿತ್ತು. ಬೆಂಗಳೂರಿಗೆ ಹೋಗುವ ಬಸ್ಸಿನವರು ಬೆಳಿಗ್ಗೆ ಗಬ್ಬೂರ ಬೈಪಾಸಿನಲ್ಲಿ ಡಬ್ಬಿ ಇಳಿಸಿಕೊಟ್ಟು ಹೋಗುತ್ತಾರೆ. ನಾನೊಬ್ಬನೇ ಹೋಗಿ ತರುವ ಕೆಲಸ. ಸಾಹುಕಾರ್ರು ತಾವೂ ಬರುತ್ತೇನೆ ಅಂದರು. ಬಂದದ್ದು ನೋಡಿದರೆ ಇಸ್ತ್ರಿ ಧೋತರ, ಕರಿ ಟೊಪ್ಪಿಗೆ.

"ಇದೇನ್ರಿ ಇದು, ಬೀಗರನ್ನ ಎದುರುಗೊಳ್ಳಾಕ ಬಂದಂಗ?"

"ಕಡೀ ಮೀನ್ರಿ ಶೆಟ್ರ," ಅಂದರು. "ಇದರ ಮ್ಯಾಲ ನನ್ನ ಟ್ಯಾಂಕ್ ನಿಂತೈತಿ, ಫೌಜದಾರ ನಿಂತಾನ."

ಬಸ್ ಬಂತು. ಥರ್ಮಾಕೋಲ್ ಡಬ್ಬಿ ಇಳಿಸಿದವನನ್ನು ಸಾಹುಕಾರ್ರು ತಡೆದು, "ಹಾದ್ಯಾಗ ಏನೂ ತ್ರಾಸ ಆಗಿಲ್ಲಲಾ?" ಅಂದರು.

ಅವನು, "ನನಗೇನ್ರಿ? ಸ್ವಲ್ಪ ಕಾಲು ಹಿಡದಾವು," ಅಂದ. ನಮ್ಮ ರಸ್ತೆಯ ಮೇಲೆ ಅವನನ್ನು ಹಾಗೆ ವಿಚಾರಿಸಿದವರು ಅವರೇ ಮೊದಲಿಗರಿರಬೇಕು. ಸಂತೋಷಕ್ಕೆ ಸಾಹುಕಾರ್ರ ಕೈಕುಲುಕಿ ಹೋದ.

ಒಳಗಿದ್ದದ್ದು ಟ್ಯಾಂಗ್ ಜಾತಿಯ ಮೀನು. ಅಪ್ಪಟ ಹಳದಿ. ಫೌಜದಾರನಷ್ಟೇ ಅಗಲ. ಬಾಲದ ಬುಡದಲ್ಲಿ ಬಿಳಿಯದೊಂದು ಸಣ್ಣ ಮುಳ್ಳು, ಚಾಕುವಿನಷ್ಟು ಹರಿತ. ಬೇಕೆಂದೇ ಅಂಥದ್ದನ್ನು ತರಿಸಿದ್ದೆ. ಕೆಲವು ದಿನ ನನ್ನಲ್ಲಿಟ್ಟು, ಚೆನ್ನಾಗಿ ತಿನ್ನುತ್ತದೆ ಅಂತ ಖಾತ್ರಿ ಮಾಡಿಕೊಂಡು ಅವರ ಮನೆಗೆ ಒಯ್ದೆ.

ಅಕ್ಕಾರು ದೂರ ನಿಂತು ನೋಡಿದರು. ಆಮೇಲೆ ಹತ್ತಿರ ಬಂದರು. "ಅಯ್ಯ, ಅರಿಷಿಣ ಹಚ್ಚಿದ ಮದಲಗಿತ್ತಿ ಕಂಡಂಗ ಕಾಣತೈತಲ್ರಿ!" ಅಂದವರೇ ಒಳಗೆ ಹೋಗಿ ಆರತಿ ತಟ್ಟೆ ತಂದರು. ಟ್ಯಾಂಕಿನ ಗಾಜಿಗೆ ಕುಂಕುಮ ಹಚ್ಚಿದರು. ನಾನು ಚೀಲ ಬಿಚ್ಚಲು ಹೋದರೆ ತಡೆದರು.

"ಬಲಗಾಲು ಮೊದಲು ಒಳಗ ಇಡಬೇಕ್ರಿ."

"ಅಕ್ಕಾರ, ಮೀನಿಗೆ ಕಾಲು..."

"ಹಂಗಾರ ಬಲಗಡೆಯಿಂದ ಬಿಡ್ರಿ!"

ಫೌಜದಾರ ಮರಳಿ ಬಂದದ್ದು

ಕೆಲವು ವಾರ ಕಳೆದ ಮೇಲೆ ಫೌಜದಾರನನ್ನು ವಾಪಸ್ ಒಯ್ದೆ. ಈಗ ಯಾವ ಗಡಿಬಿಡಿಯೂ ಇಲ್ಲದೆ, ತೂತಿನ ಪಾರದರ್ಶಕ ಡಬ್ಬಿಯಲ್ಲಿ ಅವನನ್ನು ಹಾಕಿ ಟ್ಯಾಂಕಿನೊಳಗೆ ತೂಗಿಬಿಟ್ಟೆ. ಹಲವು ದಿನ ಒಬ್ಬರನ್ನೊಬ್ಬರು ನೋಡಲಿ, ಮುಟ್ಟುವುದು ಬೇಡ. ಸಾಹುಕಾರ್ರು, "ಫೌಜದಾರನ್ನ ಜೈಲಿಗೆ ಹಾಕಿದಿರಲ್ರಿ," ಅಂತ ಮರುಗಿದರು. ಮದಲಗಿತ್ತಿ ದಿನವೂ ಬಂದು ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ ಹೋಗುತ್ತಿದ್ದಳಂತೆ.

ಬಿಡುವ ದಿನ ಭಾನುವಾರ. ಬೀಗತಿಯೂ ಕರಿಬೇವಿಗೆ ಬಂದಿದ್ದರು. ಸಾಹುಕಾರ್ರು ಟ್ಯಾಂಕಿಗೆ ಕೈಮುಗಿದು, "ಮಾನಾ ಉಳಸಪಾ," ಅಂದರು. ದೇವರಿಗೋ ಮೀನಿಗೋ ಗೊತ್ತಾಗಲಿಲ್ಲ. ಅಕ್ಕಾರು ಸೆರಗು ಸಿಗಿಸಿಕೊಂಡು ನಿಂತರು. ನಾನು ಡಬ್ಬಿಯ ಬಾಗಿಲು ತೆಗೆದೆ.

ಫೌಜದಾರ ಹೊರಗೆ ಬಂದ. ಎದೆ ಮುಂದೆ ಮಾಡಿಕೊಂಡು ತನ್ನ ಹಳೆಯ ಕರಿ ಕಲ್ಲಿನ ಕಡೆ ಹೊರಟ. ಅಲ್ಲಿಂದ ಮದಲಗಿತ್ತಿ ಹೊರಬಂದಳು. ಇವನು ಏರಿ ಹೋದ. ಅವಳು ಸರ್ರನೆ ತಿರುಗಿ ಬಾಲ ತೋರಿಸಿದಳು. ಆ ಬಿಳಿ ಮುಳ್ಳು ಇವನ ಮೂತಿಯ ಮುಂದೆಯೇ ಒಮ್ಮೆ ಬೀಸಿತು. ಫೌಜದಾರ ಅಲ್ಲೇ ನಿಂತ. ಇನ್ನೊಮ್ಮೆ ಬೀಸಿತು. ಫೌಜದಾರ ಹಿಂದೆ ಸರಿದ, ಮತ್ತೆ ಸರಿದ, ಮತ್ತೆ ಡಬ್ಬಿಯೊಳಗೇ ಹೋಗಿ ಕೂತ.

"ಬಾಗಲಾ ಹಾಕ್ರಿ, ಬಾಗಲಾ ಹಾಕ್ರಿ ಶೆಟ್ರ!" ಅಂತ ಸಾಹುಕಾರ್ರು ಕೂಗಿದರು. "ಅಕಿ ಕೊಂದಗಿಂದಾಳು!"

ಅಕ್ಕಾರು ಎರಡೂ ಕೈಯಿಂದ ಟ್ಯಾಂಕಿನ ಗಾಜಿಗೆ ದೃಷ್ಟಿ ತೆಗೆದು ಲಟಿಕೆ ಮುರಿದರು. ಯಾರೂ ಸಾಯಲಿಲ್ಲ. ಸಂಜೆಯ ಹೊತ್ತಿಗೆ ಫೌಜದಾರ ಎಡಗಡೆಯ ಸಣ್ಣ ಕಲ್ಲನ್ನು ಒಪ್ಪಿಕೊಂಡ, ಮದಲಗಿತ್ತಿ ಅಷ್ಟನ್ನು ಬಿಟ್ಟುಕೊಟ್ಟಳು. ಬೀಗತಿ ಅದನ್ನೆಲ್ಲ ನೋಡಿ, "ಈಗ ಮನಿ ಅನಸ್ತೈತಿ ನೋಡ್ರಿ," ಅಂದರು. ಕೊತ್ತಂಬರಿಯ ಮಾತು ಅವತ್ತಿಗೆ ಮುಗಿಯಿತು.

ನನ್ನ ಲೆಕ್ಕದಲ್ಲಿ ಈ ವ್ಯಾಪಾರವೂ ಮುಗಿದಿತ್ತು. ಮೊನ್ನೆ ಅಕ್ಕಾರ ಫೋನ್ ಬಂತು. ಧ್ವನಿ ಸಣ್ಣದು ಮಾಡಿಕೊಂಡಿದ್ದರು.

"ಶೆಟ್ರ, ಕರಿಬೇವಿನ ಗಿಡ ಸೊರಗೇತ್ರಿ. ಬೀಗತಿ ಮೊದಲಿನ ಘಮಾ ಇಲ್ಲ ಅಂತ ಮಂದಿ ಮುಂದ ಹೇಳಾಕತ್ತಾಳ. ನಮ್ಮ ಮಾನದ ಪ್ರಶ್ನೆ. ನಿಮ್ಮ ಅಂಗಡ್ಯಾಗ ಸತ್ತದ್ದು ಒಂದೆರಡು ಮೀನ ಇದ್ರ ಕಳಸ್ರಿ. ಕೊಸರು ಅಂತ ತಿಳೀರಿ."

ಯಾವ ಅಂಗಡಿಯವನೂ ತನ್ನ ಮಾಲು ಸಾಯುತ್ತದೆ ಅಂತ ಗಿರಾಕಿಯ ಮುಂದೆ ಬಾಯಿ ಬಿಡುವುದಿಲ್ಲ. ನಾನೂ ಬಿಡಲಿಲ್ಲ.

"ಅಕ್ಕಾರ, ನಮ್ಮ ಅಂಗಡ್ಯಾಗ ಮೀನ ಸಾಯೂದ ಇಲ್ರಿ."

"ಖರೇನ?"

"ಖರೇನ ರಿ. ಒಂದೂ ಇಲ್ಲ."

"ಹಂಗಾರ ತಡೀರಿ," ಅಂದರು ಅಕ್ಕಾರು, "ಫೌಜದಾರನ್ನ ನಾಕ ದಿನಾ ನಿಮ್ಮಲ್ಲೆ ಕಳಸ್ತೇನಿ."